ಯಾರ ಕೈ, ಯಾರ ಕಣ್ಣು: ವರ್ಷದ ಅತ್ಯುತ್ತಮ ಕಾಮಿಕ್ಸ್ ಆರಿಸುವ ಬಗೆ



ಹಳಗನ್ನಡ ಕಾವ್ಯ, ವಚನ, ನವ್ಯ ವಿಮರ್ಶೆಗಳಿಗೆ ಒಗ್ಗಿಹೋದ ವೇದಿಕೆಯಲ್ಲಿ ಕಾಮಿಕ್ಸ್ ಕುರಿತು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಅದಕ್ಕೆ ಋಣಿ. ಕಾಮಿಕ್ಸ್‌ನ ಸಮಗ್ರ ಇತಿಹಾಸ ಹೇಳುವ ಹುಮ್ಮಸ್ಸು ನನಗಿಲ್ಲ. ಆ ಇತಿಹಾಸದೊಳಗಿನ ಒಂದು ಸಣ್ಣ, ಜಗಳಗಂಟ ಪ್ರಶ್ನೆಯನ್ನಷ್ಟೇ ಇಂದು ಎತ್ತಿಕೊಳ್ಳುತ್ತೇನೆ. ಒಂದು ವರ್ಷದಲ್ಲಿ ಹೊರಬಂದ ಕಾಮಿಕ್ಸ್‌ಗಳಲ್ಲಿ ಅತ್ಯುತ್ತಮ ಯಾವುದು, ಅವನ್ನು ಮಾಡಿದವರಲ್ಲಿ ಅತ್ಯುತ್ತಮರು ಯಾರು ಎಂದು ತೀರ್ಮಾನಿಸುವುದು ಹೇಗೆ?

ಕಾದಂಬರಿಯ ಬಹುಮಾನದಲ್ಲಿ ಇಷ್ಟು ತೊಡಕಿಲ್ಲ. ಬರೆದವರು ಒಬ್ಬರು, ಶಾಲು ಹೊದಿಸಲು ಹೆಗಲು ಒಂದೇ. ಕಾಮಿಕ್ಸ್ ಹಾಗಲ್ಲ. ಒಬ್ಬರು ಕಥೆ ಬರೆಯುತ್ತಾರೆ, ಒಬ್ಬರು ಪೆನ್ಸಿಲ್‌ನಲ್ಲಿ ಚಿತ್ರ ಹಾಕುತ್ತಾರೆ, ಇನ್ನೊಬ್ಬರು ಅದರ ಮೇಲೆ ಶಾಯಿ ತಿದ್ದುತ್ತಾರೆ, ಮತ್ತೊಬ್ಬರು ಬಣ್ಣ ತುಂಬುತ್ತಾರೆ. ಮಾತಿನ ಗುಳ್ಳೆಗಳನ್ನು ಇಟ್ಟು ಅಕ್ಷರ ಬರೆಯುವವರು ಬೇರೆಯೇ ಇರುತ್ತಾರೆ. ಯಕ್ಷಗಾನದ ಆಟವೊಂದನ್ನು ನೋಡಿ ಬಂದು ಭಾಗವತರನ್ನಷ್ಟೇ ಹೊಗಳಿ, ವೇಷಧಾರಿಯನ್ನೂ ಚೆಂಡೆಯವರನ್ನೂ ಮರೆತರೆ ಹೇಗಿರುತ್ತದೋ, ಬರೆದವರ ಹೆಸರಷ್ಟೇ ಹೇಳಿ ಕಾಮಿಕ್ಸ್ ಮೆಚ್ಚುವುದೂ ಹಾಗೆಯೇ. ನನ್ನ ವಾದ ಇಷ್ಟು: ಕಾಮಿಕ್ಸ್ ಪ್ರಶಸ್ತಿಯ ಯೋಗ್ಯತೆ ಗೊತ್ತಾಗುವುದು ಅದು ಎಷ್ಟು ಕೈಗಳನ್ನು ಹೆಸರು ಹಿಡಿದು ಕರೆಯಿತು, ಯಾವ ಕಣ್ಣುಗಳಿಗೆ ಓದುವ ಕೆಲಸ ಒಪ್ಪಿಸಿತು ಎಂಬುದರಿಂದ.

ಹೆಸರಿಲ್ಲದ ಕೈಗಳು

ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಕಾಮಿಕ್ಸ್ ಪುಸ್ತಕಗಳ ಮೇಲೆ ಕಲಾವಿದರ ಹೆಸರು ಇರಲೇಬೇಕೆಂಬ ರೂಢಿ ಇರಲಿಲ್ಲ. ಡೊನಾಲ್ಡ್ ಡಕ್ ಕಥೆಗಳ ಮೇಲೆ ವಾಲ್ಟ್ ಡಿಸ್ನಿಯ ಹೆಸರೊಂದೇ ಇರುತ್ತಿತ್ತು. ಓದುತ್ತಿದ್ದ ಮಕ್ಕಳಿಗೆ ಮಾತ್ರ ಒಂದು ಸಂಗತಿ ಹೊಳೆದಿತ್ತು. ಕೆಲವು ಕಥೆಗಳಲ್ಲಿ ಬಾತುಕೋಳಿಯ ಕೋಪಕ್ಕೆ ಬೇರೆಯೇ ಜೀವವಿತ್ತು. ನಿಧಿ ಹುಡುಕುವ ದಾರಿಯಲ್ಲಿ ಬರುವ ಬೆಟ್ಟ, ಪಾಳು ನಗರ, ಹಡಗುಗಳಿಗೆ ತೂಕವಿತ್ತು. ಆ ಕೈ ಯಾರದೆಂದು ತಿಳಿಯದೆ ಅವರು 'ಒಳ್ಳೆಯ ಬಾತುಕೋಳಿ ಕಲಾವಿದ' ಎಂದು ಕರೆಯತೊಡಗಿದರು. 1960ರ ಹೊತ್ತಿಗೆ ಕೆಲವು ಅಭಿಮಾನಿಗಳು ಪಟ್ಟುಹಿಡಿದು ವಿಚಾರಿಸಿ ಆ ಹೆಸರನ್ನು ಪತ್ತೆಮಾಡಿದರು. ಅವರು ಕಾರ್ಲ್ ಬಾರ್ಕ್ಸ್, 1947ರಲ್ಲಿ ಅಂಕಲ್ ಸ್ಕ್ರೂಜ್ ಪಾತ್ರವನ್ನು ಹುಟ್ಟಿಸಿದವರು. ನನ್ನ ಲೆಕ್ಕದಲ್ಲಿ ಕಾಮಿಕ್ಸ್ ಲೋಕದ ಮೊದಲ ಪ್ರಶಸ್ತಿ ಇದೇ. ಸಮಿತಿ ಇರಲಿಲ್ಲ, ಫಲಕ ಇರಲಿಲ್ಲ, ಗೆದ್ದವರ ಹೆಸರು ಕೊಟ್ಟವರಿಗೇ ಗೊತ್ತಿರಲಿಲ್ಲ. ತೀರ್ಪು ಮಾತ್ರ ಸರಿಯಾಗಿತ್ತು.

ಬರಹಗಾರ ಬಿಲ್ ಫಿಂಗರ್ ಅವರ ಕಥೆ ಇಷ್ಟು ಸುಖವಾಗಿ ಮುಗಿಯಲಿಲ್ಲ. ಬ್ಯಾಟ್‌ಮನ್ ಪಾತ್ರಕ್ಕೆ ರೂಪ ಕೊಡುವುದರಲ್ಲಿ ಇವರ ಪಾಲು ದೊಡ್ಡದು. ಆದರೂ ದಶಕಗಟ್ಟಲೆ ಚಿತ್ರಕಾರ ಬಾಬ್ ಕೇನ್ ಒಬ್ಬರ ಹೆಸರೇ ಅಚ್ಚಾಯಿತು. ಫಿಂಗರ್ 1974ರಲ್ಲಿ ತೀರಿಕೊಂಡರು. ಬ್ಯಾಟ್‌ಮನ್ ಜೊತೆ ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲು, 2005ರಲ್ಲಿ, ಹಿರಿಯ ಕಲಾವಿದ ಜೆರ್ರಿ ರಾಬಿನ್ಸನ್ ಅವರ ಒತ್ತಾಸೆಯಿಂದ ಬಿಲ್ ಫಿಂಗರ್ ಹೆಸರಿನ ಪ್ರಶಸ್ತಿ ಶುರುವಾಗಿತ್ತು. ಸಲ್ಲಬೇಕಾದ ಮನ್ನಣೆ ಸಿಗದೆ ಉಳಿದ ಕಾಮಿಕ್ಸ್ ಬರಹಗಾರರಿಗೆ ಅದು ಮೀಸಲು. ಬದುಕಿರುವವರನ್ನೂ ತೀರಿಕೊಂಡವರನ್ನೂ ಒಟ್ಟಿಗೆ ನೆನೆಯುವುದು ಅದರ ಪದ್ಧತಿ. ತನ್ನ ರಂಗದ ಹಳೆಯ ಅನ್ಯಾಯವನ್ನೇ ಪ್ರಶಸ್ತಿಯ ನಿಯಮವಾಗಿ ಬರೆದಿಟ್ಟ ಇನ್ನೊಂದು ಕಲೆ ನನಗೆ ಚಟ್ಟನೆ ನೆನಪಾಗುವುದಿಲ್ಲ.

ಎಣಿಸಿದವರು, ಓದಿದವರು

ಕ್ರಮಬದ್ಧವಾಗಿ ಮತ ಹಾಕಿ ಆರಿಸುವ ಕೆಲಸ 1960ರ ದಶಕದ ಆರಂಭದಲ್ಲಿ ಅಮೆರಿಕದ ಅಭಿಮಾನಿಗಳಿಂದಲೇ ಹುಟ್ಟಿತು. ಡೆಟ್ರಾಯಿಟ್‌ನ ಪ್ರಾಧ್ಯಾಪಕ ಜೆರ್ರಿ ಬೈಲ್ಸ್ 'ಆಲ್ಟರ್ ಈಗೊ' ಎಂಬ ಅಭಿಮಾನಿ ಪತ್ರಿಕೆ ನಡೆಸುತ್ತಿದ್ದರು. ಅದರ ಬಳಗದಿಂದ ಬಂದದ್ದು ಆಲಿ ಪ್ರಶಸ್ತಿ. 1961ರ ಪ್ರಕಟಣೆಗಳಿಂದ 1969ರವರೆಗೆ ಅದು ನಡೆಯಿತು. ಓದುಗರು ಅಂಚೆಯಲ್ಲಿ ಮತಪತ್ರ ಕಳಿಸುತ್ತಿದ್ದರು. ಒಬ್ಬರು ಕೂತು ಎಣಿಸಲಾಗದಷ್ಟು ಮತಪತ್ರಗಳು ಬಂದು ಬಿದ್ದಾಗ, 1964ರ ಮಾರ್ಚ್‌ನಲ್ಲಿ ಬೈಲ್ಸ್ ತಮ್ಮ ಮನೆಗೇ ಅಭಿಮಾನಿಗಳನ್ನು ಕರೆಸಿ ಎಣಿಕೆ ಮಾಡಿಸಿದರು. ಬೇರೆ ಬೇರೆ ಊರುಗಳಿಂದ ಬಂದ ಓದುಗರ ಆ ಕೂಟವನ್ನು ಮುಂದಿನ ಕಾಮಿಕ್ಸ್ ಸಮಾವೇಶಗಳ ಮುನ್ನುಡಿ ಎಂದು ಗುರುತಿಸುತ್ತಾರೆ.

ಓದುಗರ ಮತಕ್ಕೆ ಒಂದು ಶಕ್ತಿ ಇದೆ, ಒಂದು ಮಿತಿಯೂ ಇದೆ. ಪ್ರೀತಿಯಿಂದ ಓದಿದವರ ತೀರ್ಪು ಅದು, ಶಕ್ತಿ ಬರುವುದು ಅಲ್ಲಿಂದ. ಆದರೆ ತಮ್ಮ ಊರಿನ ಅಂಗಡಿಗೆ ಬಾರದ ಪುಸ್ತಕಕ್ಕೆ ಯಾರೂ ಮತ ಹಾಕಲಾರರು. ಆಗಿನ ಮತದಾರರಿಗೆ ಸೂಪರ್‌ಹೀರೊಗಳೇ ಕಾಮಿಕ್ಸ್‌ನ ಇಡೀ ಜಗತ್ತು. ಮತದ ಫಲಿತಾಂಶದಲ್ಲಿ ಕಂಡದ್ದೂ ಅದೇ ಜಗತ್ತು.

1985ರಲ್ಲಿ 'ಅಮೇಜಿಂಗ್ ಹೀರೋಸ್' ಪತ್ರಿಕೆಯ ಆಶ್ರಯದಲ್ಲಿ ಕಾಮಿಕ್ಸ್ ಕಲಾವಿದ ಜ್ಯಾಕ್ ಕರ್ಬಿ ಹೆಸರಿನ ಪ್ರಶಸ್ತಿ ಶುರುವಾಯಿತು. ಮೂರೇ ವರ್ಷ ನಡೆದು, ಪ್ರಶಸ್ತಿಯ ಒಡೆತನ ಯಾರದೆಂಬ ತಕರಾರಿನಲ್ಲಿ 1987ಕ್ಕೆ ನಿಂತುಹೋಯಿತು. ಆ ಜಗಳದ ಬೂದಿಯಿಂದ ಎದ್ದವು ಎರಡು: ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಹೆಸರಿನದು, ಮತ್ತು 'ಮ್ಯಾಡ್' ಪತ್ರಿಕೆಯನ್ನು ಕಟ್ಟಿದ ಹಾರ್ವಿ ಕರ್ಟ್ಸ್‌ಮನ್ ಹೆಸರಿನದು. ಎರಡೂ ಮೊದಲು ಕೊಟ್ಟದ್ದು 1988ರಲ್ಲಿ. ಕರ್ಬಿ ಪ್ರಶಸ್ತಿ ನಡೆಯುತ್ತಿದ್ದ ದಿನಗಳಲ್ಲೇ ಕರ್ಬಿ ತಾವು ಬರೆದ ಮೂಲ ಚಿತ್ರಗಳ ಹಾಳೆಗಳನ್ನು ವಾಪಸು ಪಡೆಯಲು ಮಾರ್ವೆಲ್ ಕಂಪನಿಯೊಂದಿಗೆ ಹೋರಾಡುತ್ತಿದ್ದರು ಎಂಬುದನ್ನು ಮರೆಯಬಾರದು. 1987ರಲ್ಲಿ ಅವರ ಕೈಗೆ ಬಂದದ್ದು ಅದರಲ್ಲಿ ಒಂದು ಭಾಗ ಮಾತ್ರ. ಕಲಾವಿದನ ಹೆಸರಿಗೆ ಪ್ರಶಸ್ತಿ ಇತ್ತು. ಅವನ ಹಾಳೆಗಳ ಮೇಲೆ ಅವನಿಗೆ ಹಕ್ಕಿರಲಿಲ್ಲ.

ಐಸ್ನರ್ ಪ್ರಶಸ್ತಿ ಇಂದು ಅಮೆರಿಕದ ಕಾಮಿಕ್ಸ್ ಲೋಕದ ಅತಿ ಪ್ರತಿಷ್ಠಿತ ಮನ್ನಣೆ. ಅದರ ಕಾರ್ಯವಿಧಾನ ಎರಡು ಹಂತದ್ದು. ಮೊದಲು ಐದಾರು ಜನರ ಸಮಿತಿ. ಅದರಲ್ಲಿ ಕಾಮಿಕ್ಸ್ ಮಾಡುವವರ ಜೊತೆಗೆ ಅಂಗಡಿ ನಡೆಸುವವರು, ಗ್ರಂಥಪಾಲಕರು, ಅಧ್ಯಾಪಕರು, ವಿಮರ್ಶಕರೂ ಇರುತ್ತಾರೆ. ಪ್ರತಿ ವರ್ಷವೂ ಸಮಿತಿ ಹೊಸದು. ತಿಂಗಳುಗಟ್ಟಲೆ ಓದಿ, ಕೊನೆಗೆ ಒಂದೆಡೆ ಸೇರಿ, ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಚರ್ಚಿಸಿ, ಪ್ರತಿ ವಿಭಾಗಕ್ಕೂ ಐದಾರು ಹೆಸರು ಆರಿಸುತ್ತಾರೆ. ಆಮೇಲೆ ವೃತ್ತಿಯಲ್ಲಿರುವವರು ಮತ ಹಾಕುತ್ತಾರೆ. ವಿಜೇತರ ಹೆಸರನ್ನು ಬೇಸಿಗೆಯ ಸ್ಯಾನ್ ಡಿಯೇಗೊ ಸಮಾವೇಶದಲ್ಲಿ ಓದುತ್ತಾರೆ. ಐಸ್ನರ್ 2005ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅವರೇ ವೇದಿಕೆಯಲ್ಲಿ ನಿಂತು ಕೈ ಕುಲುಕುತ್ತಿದ್ದರು. ಮತಪತ್ರಗಳ ಗೊಂದಲದಿಂದ 1990ರಲ್ಲಿ ಪ್ರಶಸ್ತಿಯನ್ನೇ ಕೊಡದೆ ಬಿಟ್ಟರು. ತಪ್ಪು ಎಣಿಕೆಯ ಮೇಲೆ ಹೆಸರು ಘೋಷಿಸುವುದಕ್ಕಿಂತ ಆ ವರ್ಷವನ್ನು ಖಾಲಿ ಬಿಟ್ಟದ್ದೇ ಮೇಲು.

ನನಗೆ ಮುಖ್ಯವಾಗಿ ಕಾಣುವುದು ಐಸ್ನರ್ ಪ್ರಶಸ್ತಿಯ ವಿಭಾಗಗಳು. ಇಂದು ಮೂವತ್ತಕ್ಕೂ ಹೆಚ್ಚಿವೆ. ಇಷ್ಟೊಂದು ಬೇಕೆ ಎಂದು ಗೊಣಗುವವರಿದ್ದಾರೆ. ಬೇಕು ಎಂಬುದು ನನ್ನ ನಿಲುವು. ಬರಹಗಾರರಿಗೆ, ಪೆನ್ಸಿಲ್ ಹಾಗೂ ಶಾಯಿ ಕೆಲಸದವರಿಗೆ, ಮುಖಪುಟ ಬರೆಯುವವರಿಗೆ, ಬಣ್ಣ ತುಂಬುವವರಿಗೆ, ಅಕ್ಷರ ಬರೆಯುವವರಿಗೆ ಬೇರೆ ಬೇರೆ ಸಾಲು ಇದೆ. ಅಕ್ಷರ ಬರೆಯುವ ಟಾಡ್ ಕ್ಲೈನ್ ಈ ಮನ್ನಣೆಯನ್ನು ಮತ್ತೆ ಮತ್ತೆ ಪಡೆದಿದ್ದಾರೆ. ಡೇವ್ ಸ್ಟುವರ್ಟ್ ಬಣ್ಣಕ್ಕಾಗಿ. ಈ ಇಬ್ಬರ ಹೆಸರೂ ಸಾಮಾನ್ಯ ಓದುಗರಿಗೆ ತಿಳಿದದ್ದೇ ಈ ವಿಭಾಗಗಳಿಂದ. ಪಾತ್ರ ಪಿಸುಗುಟ್ಟಿದರೆ ಅಕ್ಷರ ಸಣ್ಣದಾಗಬೇಕು, ಗುಳ್ಳೆಯೊಳಗೆ ಖಾಲಿ ಜಾಗ ಹೆಚ್ಚಬೇಕು. ಎರಡು ಗುಳ್ಳೆ ಸರಿಯಾದ ಕ್ರಮದಲ್ಲಿ ಕೂರದಿದ್ದರೆ ಪ್ರಶ್ನೆಗೆ ಮೊದಲೇ ಉತ್ತರ ಬಂದುಬಿಡುತ್ತದೆ. ಈ ಕೆಲಸ ಚೆನ್ನಾಗಿ ಆದಾಗ ಓದುಗರ ಗಮನಕ್ಕೇ ಬರುವುದಿಲ್ಲ. ಗಮನಕ್ಕೆ ಬಾರದ ಕೆಲಸವನ್ನು ಗಮನಿಸಲು ಒಂದು ಏರ್ಪಾಡು ಬೇಕಲ್ಲವೆ? ವಿಭಾಗ ಎಂದರೆ ಅದು.

ಮೂವತ್ತು ಹೆಸರುಗಳ ಪಟ್ಟಿ

ಫ್ರಾನ್ಸ್‌ನ ಅಂಗುಲೆಮ್ ಎಂಬ ಸಣ್ಣ ಪಟ್ಟಣದಲ್ಲಿ 1974ರಲ್ಲಿ ಕಾಮಿಕ್ಸ್ ಉತ್ಸವ ಆರಂಭವಾಯಿತು. ವರ್ಷದ ಅತ್ಯುತ್ತಮ ಪುಸ್ತಕಕ್ಕೆ ಅಲ್ಲಿ ಒಂದು ಬಹುಮಾನವಿದೆ. ಅದಕ್ಕಿಂತ ಎತ್ತರದ್ದು ಗ್ರಾಂ ಪ್ರಿ, ಒಬ್ಬ ಕಲಾವಿದರ ಜೀವಮಾನದ ಕೆಲಸಕ್ಕೆ ಸಲ್ಲುವುದು.

2016ರಲ್ಲಿ ಉತ್ಸವದವರು ಗ್ರಾಂ ಪ್ರಿಗೆ ಮೂವತ್ತು ಹೆಸರುಗಳ ಪಟ್ಟಿ ಪ್ರಕಟಿಸಿದರು. ಮೂವತ್ತೂ ಗಂಡಸರೇ. ಅದುವರೆಗೆ ಆ ಗೌರವ ಪಡೆದ ಹೆಣ್ಣು ಒಬ್ಬರೇ, 2000ದಲ್ಲಿ ಫ್ಲೋರಾನ್ಸ್ ಸೆಸ್ತಾಕ್. ಕ್ಲೇರ್ ಬ್ರೆತೆಶೆ ಅವರಿಗೆ ಉತ್ಸವದ ಹತ್ತನೆಯ ವರ್ಷದ ವಿಶೇಷ ಬಹುಮಾನವಷ್ಟೇ ಸಿಕ್ಕಿತ್ತು. ಪಟ್ಟಿಯಲ್ಲಿದ್ದ ರಿಯಾದ್ ಸತೂಫ್ ತಮ್ಮ ಹೆಸರನ್ನು ಹಿಂದೆಗೆದುಕೊಂಡರು. ತಮ್ಮ ಜಾಗವನ್ನು ಬಿಟ್ಟುಕೊಡಬಹುದಾದ ಕೆಲವು ಮಹಿಳೆಯರ ಹೆಸರನ್ನೂ ಹೇಳಿದರು. ಡೇನಿಯಲ್ ಕ್ಲೌಸ್, ಕ್ರಿಸ್ ವೇರ್, ಚಾರ್ಲ್ಸ್ ಬರ್ನ್ಸ್ ಮೊದಲಾದವರೂ ಹಿಂದೆ ಸರಿದರು. ಕಾಮಿಕ್ಸ್‌ನ ಇತಿಹಾಸದಲ್ಲೇ ಮಹಿಳೆಯರು ಕಡಿಮೆ, ನಾವೇನು ಮಾಡೋಣ ಎಂಬಂಥ ಸಮಜಾಯಿಷಿ ಉತ್ಸವದ ಕಡೆಯಿಂದ ಬಂತು. ಅದರಿಂದ ಸಿಟ್ಟು ಇನ್ನೂ ಏರಿತು. ಕೊನೆಗೆ ಪಟ್ಟಿಯನ್ನೇ ಕೈಬಿಟ್ಟು, ಮತ ಹಾಕುವ ಕಲಾವಿದರು ತಮಗೆ ಬೇಕಾದವರ ಹೆಸರು ಬರೆಯಲಿ ಎಂದು ಬಿಟ್ಟರು. ಆ ವರ್ಷ ಗೌರವ ಪಡೆದವರು ಬೆಲ್ಜಿಯಂನ ಎರ್ಮಾನ್.

ಮುಂದೆ ನಡೆದದ್ದನ್ನು ನೋಡಿ. ಸತೂಫ್ ಸೂಚಿಸಿದ ಹೆಸರುಗಳಲ್ಲಿ ಜಪಾನಿನ ರುಮಿಕೊ ತಕಹಾಶಿ, ಕೆನಡಾದ ಜೂಲಿ ಡೂಸೆ, ಫ್ರಾನ್ಸ್‌ನ ಅನೂಕ್ ರಿಕಾರ್ ಇದ್ದರು. ತಕಹಾಶಿ 2019ರಲ್ಲಿ, ಡೂಸೆ 2022ರಲ್ಲಿ, ರಿಕಾರ್ 2025ರಲ್ಲಿ ಗ್ರಾಂ ಪ್ರಿ ಪಡೆದರು. ನಡುವೆ 2023ರಲ್ಲಿ ಸತೂಫ್ ಅವರಿಗೇ ಬಂತು, 2024ರಲ್ಲಿ ಇಂಗ್ಲೆಂಡಿನ ಪೋಸಿ ಸಿಮಂಡ್ಸ್ ಅವರಿಗೆ. 2016ರಲ್ಲಿ 'ಇಲ್ಲ' ಎನಿಸಿಕೊಂಡವರು ಆಗಲೇ ದಶಕಗಳಿಂದ ಕೆಲಸ ಮಾಡುತ್ತಿದ್ದರು. ತಕಹಾಶಿ ಅವರ ಪುಸ್ತಕಗಳನ್ನು ಓದಿ ಒಂದು ತಲೆಮಾರೇ ಬೆಳೆದಿತ್ತು. ಇತಿಹಾಸ ಅವರನ್ನು ಬಿಟ್ಟಿರಲಿಲ್ಲ, ಪಟ್ಟಿ ಬಿಟ್ಟಿತ್ತು. ಪಟ್ಟಿ ಮಾಡುವವರ ಕಣ್ಣು ಬದಲಾಗಲು ಗೆಲ್ಲುವ ಸಾಧ್ಯತೆ ಇದ್ದವರೇ ಆಟದಿಂದ ಎದ್ದುಹೋಗಬೇಕಾಯಿತು.

ವರ್ಷವೆಂಬ ಅಳತೆ

ವರ್ಷದ ಅತ್ಯುತ್ತಮ ಎನ್ನುವಾಗ 'ವರ್ಷ' ಕೂಡ ಸುಲಭದ ಅಳತೆಯಲ್ಲ. ಜಪಾನಿನಲ್ಲಿ ಒಂದು ಮಂಗಾ ಕಥೆ ವಾರಪತ್ರಿಕೆಯಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆದರೂ ಆಶ್ಚರ್ಯವಿಲ್ಲ. ಅದನ್ನು ಯಾವ ವರ್ಷಕ್ಕೆ ಸೇರಿಸುವುದು? ಮಂಗಾ ಕಲಾವಿದ ಒಸಾಮು ತೆಜುಕಾ ಹೆಸರಿನಲ್ಲಿ ಅಸಾಹಿ ಪತ್ರಿಕೆ 1997ರಲ್ಲಿ ಆರಂಭಿಸಿದ ಬಹುಮಾನ ಮೊದಲ ಬಾರಿಗೆ ಹೋದದ್ದು 'ಡೊರೆಮಾನ್'ಗೆ, ಆ ಕಥೆ ಹುಟ್ಟಿ ಕಾಲು ಶತಮಾನ ದಾಟಿದ ಮೇಲೆ. 2008ರಲ್ಲಿ ಬಂದ ಮಂಗಾ ತೈಶೊ ಎಂಬ ಬಹುಮಾನ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಅದನ್ನು ಆರಿಸುವವರಲ್ಲಿ ಪುಸ್ತಕದಂಗಡಿಯ ಕೆಲಸಗಾರರೇ ಹೆಚ್ಚು. ಎಂಟು ಸಂಪುಟ ಮೀರಿದ ಕೃತಿಗೆ ಅಲ್ಲಿ ಪ್ರವೇಶವಿಲ್ಲ. ಈಗಾಗಲೇ ಗೆದ್ದು ಕೂತ ಕೃತಿಗಳನ್ನು ಬದಿಗಿಟ್ಟು, ಇನ್ನೂ ಓದುಗರನ್ನು ಹುಡುಕುತ್ತಿರುವ ಕೃತಿಯನ್ನು ಕೈಗೆ ಕೊಡುವುದು ಅದರ ಗುರಿ. ಗಿರಾಕಿಗೆ 'ಇದನ್ನು ಓದಿ ನೋಡಿ' ಎಂದು ದಿನವೂ ಹೇಳುವವರು ಮಾಡಿದ ನಿಯಮ ಎಂಬುದು ಕೂಡಲೇ ತಿಳಿಯುತ್ತದೆ.

ಅಮೆರಿಕದ ರಿಚರ್ಡ್ ಮ್ಯಾಕ್‌ಗ್ವಾಯರ್ ಅವರ 'ಹಿಯರ್' ಕೃತಿ 1989ರಲ್ಲಿ ಒಂದು ಪತ್ರಿಕೆಯಲ್ಲಿ ಆರು ಪುಟವಾಗಿ ಬಂತು. ಒಂದು ಕೋಣೆಯ ಮೂಲೆ. ನೋಡುವ ಕೋನ ಬದಲಾಗುವುದೇ ಇಲ್ಲ. ಒಂದೇ ಚೌಕದೊಳಗೆ ಸಣ್ಣ ಸಣ್ಣ ಚೌಕಗಳು ತೆರೆದು ಬೇರೆ ಬೇರೆ ಇಸವಿಗಳನ್ನು ತೋರಿಸುತ್ತವೆ. ಅದನ್ನು ಪೂರ್ಣ ಪ್ರಮಾಣದ ಪುಸ್ತಕವಾಗಿ ಬೆಳೆಸಿ ಹೊರತಂದದ್ದು 2014ರಲ್ಲಿ. ಅದರ ಫ್ರೆಂಚ್ ಆವೃತ್ತಿಗೆ 2016ರಲ್ಲಿ ಅಂಗುಲೆಮ್‌ನ ಅತ್ಯುತ್ತಮ ಪುಸ್ತಕ ಬಹುಮಾನ ಬಂತು, ಅಂದರೆ ಆ ಮೂವತ್ತು ಹೆಸರಿನ ಗಲಾಟೆಯ ಉತ್ಸವದಲ್ಲೇ. ಒಳ್ಳೆಯ ಪುಸ್ತಕವೊಂದು ಹಣ್ಣಾಗಲು ಇಪ್ಪತ್ತೈದು ವರ್ಷ ಹಿಡಿದಿತ್ತು. ಪ್ರಶಸ್ತಿಯ ಕ್ಯಾಲೆಂಡರಿಗೆ ಕಂಡದ್ದು ಕೊನೆಯ ಸುಗ್ಗಿ ಮಾತ್ರ.

ಚಿತ್ರ ತೆಗೆದರೆ ಏನು ಉಳಿಯುತ್ತದೆ?

ಕಾಮಿಕ್ಸ್ ತನ್ನ ಬಳಗ ಬಿಟ್ಟು ಸಾಹಿತ್ಯದ ಅಂಗಳಕ್ಕೆ ಕಾಲಿಟ್ಟಾಗ ಏನಾಯಿತು? ಆರ್ಟ್ ಸ್ಪೀಗೆಲ್‌ಮನ್ ಅವರ 'ಮೌಸ್' ಕೃತಿಯ ಎರಡನೆಯ ಸಂಪುಟ 1991ರಲ್ಲಿ ಬಂದಾಗ ನ್ಯೂಯಾರ್ಕ್ ಟೈಮ್ಸ್ ಅದನ್ನು ಕಾದಂಬರಿಗಳ ಪಟ್ಟಿಯಲ್ಲಿ ಹಾಕಿತು. ನಾಜಿ ಯಾತನಾ ಶಿಬಿರದಿಂದ ಬದುಕಿ ಬಂದ ತಮ್ಮ ತಂದೆಯ ನಿಜಕಥೆಯನ್ನು ಹೇಳಿದ್ದ ಸ್ಪೀಗೆಲ್‌ಮನ್ ಪತ್ರ ಬರೆದು ಆಕ್ಷೇಪಿಸಿದರು. ಪತ್ರಿಕೆ ಅದನ್ನು ಕಾಲ್ಪನಿಕವಲ್ಲದ ಕೃತಿಗಳ ಪಟ್ಟಿಗೆ ವರ್ಗಾಯಿಸಿತು. ಮರುವರ್ಷ ಪುಲಿಟ್ಜರ್ ಸಮಿತಿ ಅದಕ್ಕೆ 'ವಿಶೇಷ' ಬಹುಮಾನ ಕೊಟ್ಟಿತು. ಇರುವ ಯಾವ ಸಾಲಿನಲ್ಲೂ ಕೂರಿಸಲಾಗದೆ ಹೊಸ ಕುರ್ಚಿ ಹಾಕಿಸಿದ ಹಾಗೆ. ಅಲ್ಲಿಂದ ಮುಂದೆ ಬಾಗಿಲು ನಿಧಾನವಾಗಿ ತೆರೆಯಿತು. 2016ರಲ್ಲಿ 'ಮಾರ್ಚ್' ಕೃತಿಯ ಮೂರನೆಯ ಸಂಪುಟ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ನಾಗರಿಕ ಹಕ್ಕುಗಳ ಹೋರಾಟಗಾರ ಜಾನ್ ಲೂಯಿಸ್, ಸಹಲೇಖಕ ಆಂಡ್ರೂ ಐಡಿನ್, ಚಿತ್ರಕಾರ ನೇಟ್ ಪವೆಲ್ ಮೂವರೂ ಅದನ್ನು ಹಂಚಿಕೊಂಡರು. 2018ರಲ್ಲಿ ನಿಕ್ ಡ್ರನಾಸೊ ಅವರ 'ಸಬ್ರಿನಾ' ಬೂಕರ್‌ನ ಉದ್ದಪಟ್ಟಿಗೆ ಬಂತು. 2025ರಲ್ಲಿ ಟೆಸ್ಸಾ ಹಲ್ಸ್ ಅವರ 'ಫೀಡಿಂಗ್ ಘೋಸ್ಟ್ಸ್' ಪುಲಿಟ್ಜರ್ ಗೆದ್ದಿತು. ಈ ಸಲ ವಿಶೇಷ ಕುರ್ಚಿ ಬೇಕಾಗಲಿಲ್ಲ, ಆತ್ಮಕಥನದ ಸಾಮಾನ್ಯ ವಿಭಾಗದಲ್ಲೇ ಬಂತು.

ಇದರಿಂದ ಸಂತೋಷವಾಗುತ್ತದೆ, ಜೊತೆಗೆ ಒಂದು ಅನುಮಾನವೂ. ಸಾಹಿತ್ಯದ ತೀರ್ಪುಗಾರರು ಕಾಮಿಕ್ಸ್ ಓದುವಾಗ ವಸ್ತುವಿನ ಘನತೆಗೆ ಸೋಲುವುದು ಹೆಚ್ಚು. ಯುದ್ಧ, ವಲಸೆ, ಅನಾರೋಗ್ಯ, ದಮನದ ಕಥೆಗೆ ಮೊದಲ ಮಣೆ. ನಗಿಸುವ ಪುಸ್ತಕಕ್ಕೆ, ಬಾತುಕೋಳಿಯ ಪುಸ್ತಕಕ್ಕೆ ಕೊನೆಯ ಸಾಲು. ಇದಕ್ಕೆ ನನ್ನದೊಂದು ಸರಳ ಪರೀಕ್ಷೆ ಇದೆ. ಪುಟದ ಚಿತ್ರಗಳನ್ನು ಮುಚ್ಚಿ ಮಾತುಗಳನ್ನಷ್ಟೇ ಓದಿ. ಕೃತಿ ಅಷ್ಟೇ ಚೆನ್ನಾಗಿ ನಿಂತರೆ ಅದು ಸಚಿತ್ರ ಗದ್ಯ. ಅರ್ಧ ಅರ್ಥವೇ ಹಾರಿಹೋದರೆ ಅದು ಕಾಮಿಕ್ಸ್. ನಮ್ಮ ದೇಶದ 'ಭೀಮಾಯಣ'ವನ್ನು ಈ ಪರೀಕ್ಷೆಗೆ ಒಡ್ಡಿ. 2011ರಲ್ಲಿ ಬಂದ ಈ ಕೃತಿಯಲ್ಲಿ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅಂಬೇಡ್ಕರರ ಬದುಕನ್ನು ಚಿತ್ರಿಸಿದ್ದಾರೆ. ಪಾತ್ರಗಳನ್ನು ಪೆಟ್ಟಿಗೆಯಂಥ ಚೌಕಗಳೊಳಗೆ ಕೂಡಿಹಾಕಲು ಅವರು ಒಪ್ಪಲಿಲ್ಲ. ಪುಟವನ್ನು ಹಂಚಲು ತಮ್ಮ ಗೋಡೆ-ನೆಲದ ಅಲಂಕಾರದ ರೇಖೆಯನ್ನೇ ಬಳಸಿದರು. ಮೃದುವಾಗಿ ಮಾತಾಡುವವರ, ನೊಂದವರ ಮಾತಿನ ಗುಳ್ಳೆ ಹಕ್ಕಿಯ ಆಕಾರದಲ್ಲಿದೆ. ಅಸ್ಪೃಶ್ಯತೆಯ ವಿಷ ಕಾರುವವರ ಗುಳ್ಳೆಗೆ ಚೇಳಿನ ಬಾಲವಿದೆ. ಚಿತ್ರ ಮುಚ್ಚಿದರೆ ಆ ಕುಟುಕು ಎಲ್ಲಿ ಉಳಿಯುತ್ತದೆ? ವಸ್ತು ದೊಡ್ಡದು ಎಂಬ ಕಾರಣಕ್ಕೆ ಭೀಮಾಯಣವನ್ನು ಮೆಚ್ಚುವವರು ಅದರ ಕಲಾವಿದರಿಗೆ ಅರ್ಧ ಮಾತ್ರ ಸಲ್ಲಿಸಿದಂತೆ.

ನಮ್ಮ ಕಪಾಟು

2021ರಲ್ಲಿ ಮುಂಬೈಯ ಆನಂದ್ ರಾಧಾಕೃಷ್ಣನ್ 'ಬ್ಲೂ ಇನ್ ಗ್ರೀನ್' ಕೃತಿಯ ಚಿತ್ರಗಳಿಗಾಗಿ, ಬಣ್ಣದಲ್ಲಿ ಜೊತೆಗೂಡಿದ ಜಾನ್ ಪಿಯರ್ಸನ್ ಅವರೊಂದಿಗೆ, ಐಸ್ನರ್ ಪ್ರಶಸ್ತಿ ಪಡೆದರು. ಕಥೆ ಮುಂಬೈ ಮೂಲದ ರಾಮ್ ವಿ. ಅವರದು, ಅಕ್ಷರ ಪುಣೆಯ ಆದಿತ್ಯ ಬಿಡೀಕರ್ ಅವರದು. ಒಬ್ಬ ಜ್ಯಾಜ್ ವಾದಕನ ಕಥೆಯ ಹಿಂದೆ ಎಷ್ಟು ಭಾರತೀಯ ಕೈಗಳು ದುಡಿದವೆಂದು ಲೋಕಕ್ಕೆ ತಿಳಿದದ್ದು ಆ ಕೈಗಳ ಹೆಸರು ಪುಸ್ತಕದ ಮೇಲಿದ್ದುದರಿಂದ.

ನಮ್ಮಲ್ಲಿ? ಅಮರ ಚಿತ್ರ ಕಥೆ ಸರಣಿಯ ಸಂಪಾದಕ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಹೆಸರು ಎಲ್ಲರಿಗೂ ಗೊತ್ತು. ಅಮರ ಚಿತ್ರ ಕಥೆಯ ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಮಕ್ಕಳ ಕಥೆಗಳಾಗಿದ್ದವು, ಅವು ಕನ್ನಡದಲ್ಲಿ ಬಂದವು, ಆ ಆಲೋಚನೆಯ ಹಿಂದೆ ಬೆಂಗಳೂರಿನ ಜಿ.ಕೆ. ಅನಂತರಾಮ್ ಇದ್ದರು ಎಂಬುದು ಕಡಿಮೆ ಜನಕ್ಕೆ ಗೊತ್ತು. 'ಕೃಷ್ಣ' ಹನ್ನೊಂದನೆಯ ಸಂಚಿಕೆಯಾಗಿ ಎಣಿಕೆ ಶುರುಮಾಡಿದ್ದು ಅದಕ್ಕೇ. ಆ 'ಕೃಷ್ಣ'ನಿಗೆ ರೂಪ ಕೊಟ್ಟವರು ರಾಮ್ ವಾಯಿರ್ಕರ್. ಮುಂದೆ ಸುಪ್ಪಾಂಡಿಯನ್ನು ಬರೆದವರೂ ಅವರೇ. ಸುಪ್ಪಾಂಡಿಯ ಚೂಪು ತಲೆಯನ್ನು ಕಣ್ಣು ಮುಚ್ಚಿ ಗುರುತಿಸುವ ನಾವು ಆ ತಲೆಯನ್ನು ಎಳೆದ ಕೈಯ ಹೆಸರು ಕೇಳಿದರೆ ತಡವರಿಸುತ್ತೇವೆ. ಪೈ ಅವರಿಗೆ ಭಾರತದ ಮೊದಲ ಕಾಮಿಕ್ ಕಾನ್ ಜೀವಮಾನ ಸಾಧನೆಯ ಗೌರವ ಕೊಟ್ಟದ್ದು 2011ರ ಫೆಬ್ರವರಿಯಲ್ಲಿ. ಅದೇ ತಿಂಗಳ 24ರಂದು ಅವರು ತೀರಿಕೊಂಡರು.

ನಮ್ಮ ಅಕಾಡೆಮಿಗಳ ವಾರ್ಷಿಕ ಬಹುಮಾನಗಳಲ್ಲಿ ಕಾದಂಬರಿ, ಕವಿತೆ, ನಾಟಕ, ಮಕ್ಕಳ ಸಾಹಿತ್ಯಕ್ಕೆ ಸಾಲುಗಳಿವೆ. ಕಾಮಿಕ್ಸ್‌ಗೆ ತನ್ನದೇ ಸಾಲಿಲ್ಲ. ಆದರೆ ನಾವು ಕೈಗಳನ್ನು ಗುರುತಿಸಲು ತಿಳಿಯದವರಲ್ಲ. ಪುಸ್ತಕ ಸೊಗಸಿಗೆ, ಮುಖಪುಟದ ಚಿತ್ರಕಲೆಗೆ ಬಹುಮಾನ ಕೊಡುವ ಪರಿಪಾಠ ಕರ್ನಾಟಕದಲ್ಲಿದೆ. ಪುಸ್ತಕ ಮಾಡುವುದು ಬರೆಯುವುದಷ್ಟೇ ಅಲ್ಲವೆಂದು ನಾವು ಆಗಲೇ ಒಪ್ಪಿದ್ದೇವೆ. ಮುಖಪುಟದಿಂದ ಒಳಪುಟಕ್ಕೆ ಒಂದು ಹೆಜ್ಜೆ ಇಡಬೇಕಷ್ಟೇ.

ಹಾಗಾದರೆ ಕನ್ನಡಕ್ಕೆ ಎಂಥ ಏರ್ಪಾಡು ಬೇಕು? ನನ್ನ ಸಲಹೆ ನಾಲ್ಕು.

ಒಂದು, ಮೊದಲ ಕೆಲವು ವರ್ಷ ಪ್ರಶಸ್ತಿ ಬೇಡ, ಪಟ್ಟಿ ಸಾಕು. ವರ್ಷದಲ್ಲಿ ಕನ್ನಡದಲ್ಲಿ ಬಂದ ಕಾಮಿಕ್ಸ್, ಪತ್ರಿಕೆಗಳ ಚಿತ್ರಸರಣಿ, ಮಕ್ಕಳ ಚಿತ್ರಕಥೆ, ಅನುವಾದ ಎಲ್ಲವನ್ನೂ ಒಂದು ಗ್ರಂಥಾಲಯದ ಒಂದೇ ಕಪಾಟಿನಲ್ಲಿ ಕೂಡಿಸಲಿ. ಓದದೆ ಆರಿಸುವ ಅಭ್ಯಾಸಕ್ಕೆ ಅದೊಂದೇ ಮದ್ದು.

ಎರಡು, ಸಮಿತಿ ಐದು ಜನರದಿರಲಿ: ಒಬ್ಬ ಚಿತ್ರಕಾರರು, ಒಬ್ಬ ಬರಹಗಾರರು, ಒಬ್ಬ ಗ್ರಂಥಪಾಲಕರು, ಒಬ್ಬ ಪುಸ್ತಕ ವ್ಯಾಪಾರಿ, ಒಬ್ಬ ಶಾಲಾ ಶಿಕ್ಷಕರು. ಪ್ರತಿ ವರ್ಷ ಐವರೂ ಬದಲಾಗಲಿ. ಅವರ ಹೆಸರು ಮೊದಲೇ ಪ್ರಕಟವಾಗಲಿ, ಆರಿಸಿದ ಕಾರಣವೂ ಅಚ್ಚಾಗಲಿ.

ಮೂರು, ಪ್ರತಿ ಕೃತಿಯ ಜೊತೆ ಎಲ್ಲ ಕೈಗಳ ಹೆಸರೂ ಬರಲಿ. ಕನ್ನಡದಲ್ಲಿ ಅಕ್ಷರ ಕೂರಿಸುವವರ ಕೆಲಸ ಇನ್ನೂ ಕಷ್ಟದ್ದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆಂದು ಬರೆದ ಗುಳ್ಳೆಯಲ್ಲಿ ಮೂರು ಸಾಲು ಹಿಡಿಸುವ ಕಡೆ ಕನ್ನಡದ ಎರಡು ಸಾಲು ಕೂರುವುದೇ ಹೆಚ್ಚು. ಅನುವಾದಕರೂ ಅಕ್ಷರದವರೂ ಒಟ್ಟಿಗೆ ಕೂತು ಮಾತನ್ನು ಕತ್ತರಿಸಿ ಹೊಂದಿಸದಿದ್ದರೆ ಕೊನೆಯ ಪದ ಗುಳ್ಳೆಯ ಅಂಚಿಗೆ ತಾಗಿ ನಗೆಹನಿ ಸತ್ತುಹೋಗುತ್ತದೆ. ಅವರ ಹೆಸರು ಬರದ ಪುಸ್ತಕವನ್ನು ಪಟ್ಟಿಗೇ ಸೇರಿಸಬಾರದು. ಆ ಒಂದು ನಿಯಮ ಸಾಕು, ಪ್ರಕಾಶಕರು ಹೆಸರು ಹಾಕಲು ಕಲಿಯುತ್ತಾರೆ.

ನಾಲ್ಕು, ಯೋಗ್ಯವಾದದ್ದು ಬಾರದ ವರ್ಷ 'ಈ ವರ್ಷ ಇಲ್ಲ' ಎಂದು ಹೇಳುವ ಧೈರ್ಯವಿರಲಿ. 1990ರಲ್ಲಿ ಐಸ್ನರ್‌ನವರು ಬೇರೆ ಕಾರಣಕ್ಕೆ ವರ್ಷವನ್ನು ಖಾಲಿ ಬಿಟ್ಟರು. ಅದರಿಂದ ಪ್ರಶಸ್ತಿಯ ತೂಕವೇನೂ ತಗ್ಗಲಿಲ್ಲ.

ಇದಕ್ಕೆ ಬೇಕಾದ ಹಣ ದೊಡ್ಡದಲ್ಲ. ಒಂದು ಕಪಾಟು, ಐದು ಜನರ ಓದು, ವರ್ಷಕ್ಕೊಂದು ಸಣ್ಣ ಪುಸ್ತಿಕೆ. ಇಂಥ ಕೆಲಸಕ್ಕೆ ದತ್ತಿ ಇಡುವವರು ನಮ್ಮಲ್ಲಿ ಮೊದಲಿಂದಲೂ ಇದ್ದಾರೆ. ದತ್ತಿಯೊಂದರಿಂದ ನಡೆಯುವ ಈ ವೇದಿಕೆಯೇ ಅದಕ್ಕೆ ಸಾಕ್ಷಿ. ಪ್ರಶ್ನೋತ್ತರದಲ್ಲಿ ನನ್ನ ನಾಲ್ಕು ಸಲಹೆಗಳನ್ನು ಹರಿದುಹಾಕಲು ನೀವು ಸ್ವತಂತ್ರರು. ಹರಿಯುವ ಮುನ್ನ, ನಿಮಗೆ ಪ್ರಿಯವಾದ ಒಂದು ಕನ್ನಡ ಕಾಮಿಕ್ಸ್‌ನ ಹೆಸರನ್ನೂ ಅದರ ಚಿತ್ರಕಾರರ ಹೆಸರನ್ನೂ ಹೇಳಿ. ಎರಡನೆಯ ಹೆಸರು ನೆನಪಿಗೆ ಬಾರದಿದ್ದರೆ, ಪಟ್ಟಿಯ ಕೆಲಸವನ್ನು ಅಲ್ಲಿಂದಲೇ ಶುರುಮಾಡೋಣ.